ಸಮುದ್ರದ ನೀಲಿಯನ್ನು ರಾಮನ್ ಪರಿಣಾಮದ ಲೆಕ್ಕಕ್ಕೆ ಬರೆಯಬೇಡಿ

ವಿಜ್ಞಾನ ದಿನವಾದ ಫೆಬ್ರವರಿ 28 ಬಂತೆಂದರೆ ಬ್ಯಾಡಗಿ, ರಾಣೆಬೆನ್ನೂರು, ಹಾವೇರಿ ಕಡೆಯ ಯಾವ ಹೈಸ್ಕೂಲಿಗೆ ಹೋದರೂ ಭಾಷಣ ಒಂದೇ. ಸಮುದ್ರ ನೀಲಿಯಾಗಿ ಕಾಣುವುದು ಏಕೆ? ರಾಮನ್ ಪರಿಣಾಮದಿಂದ. ಅದನ್ನು ಕಂಡುಹಿಡಿದದ್ದಕ್ಕೇ ಸರ್ ಸಿ. ವಿ. ರಾಮನ್ ಅವರಿಗೆ ನೊಬೆಲ್ ಬಂತು. ಮಗು ಒಂದೇ ಉಸಿರಿಗೆ ಒಪ್ಪಿಸುತ್ತದೆ, ಚಪ್ಪಾಳೆ ಬೀಳುತ್ತದೆ, ಬಹುಮಾನವೂ ಸಿಗುತ್ತದೆ. ಮೋಟೆಬೆನ್ನೂರಿನಿಂದ ಬೆಂಗಳೂರಿನವರೆಗೆ ಗೈಡು, ಕ್ವಿಜ್ ಪುಸ್ತಕ, ವಾಟ್ಸಾಪ್ ಎಲ್ಲದರಲ್ಲೂ ಇದೇ ಮಾತು. ಇದರಲ್ಲಿ ಸಮುದ್ರದ ಮಾತು ಬುಡದಿಂದ ತುದಿಯವರೆಗೆ ತಪ್ಪು. ತಪ್ಪು ಒಪ್ಪಿಸಿದ ಮಗುವಿನದಲ್ಲ, ಬರೆದುಕೊಟ್ಟ ದೊಡ್ಡವರದು.

ನಡೆದದ್ದೇನು ನೋಡಿ. 1921ರಲ್ಲಿ ರಾಮನ್ ಆಕ್ಸ್‌ಫರ್ಡಿನ ಸಮ್ಮೇಳನಕ್ಕೆ ಹೋಗಿ ನರ್ಕುಂಡ ಹಡಗಿನಲ್ಲಿ ಮರಳುತ್ತಿದ್ದರು. ಸಮುದ್ರದ ನೀಲಿ ಎಂದರೆ ನೀರಿನ ಮೇಲೆ ಬಿದ್ದ ಆಕಾಶದ ಪ್ರತಿಬಿಂಬ, ಅಷ್ಟೆ ಎಂದು ಲಾರ್ಡ್ ರ್ಯಾಲೆ ಹೇಳಿದ್ದರು. ಆಕಾಶದ ನೀಲಿಗೆ ಕಾರಣ ಕೊಟ್ಟವರೇ ಅವರು, ನೊಬೆಲ್ ಪಡೆದವರು. ಅವರ ಮಾತಿಗೆ ತೂಕವಿತ್ತು. ರಾಮನ್ ಆ ಮಾತನ್ನು ಹಾಗೇ ಒಪ್ಪಿಕೊಳ್ಳಲಿಲ್ಲ. ಅವರ ಬಳಿ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದೊಂದು ನಿಕೋಲ್ ಪಟ್ಟಕವಿತ್ತು. ನೀರಿನ ಮೇಲ್ಮೈಗೆ ಒಂದು ನಿರ್ದಿಷ್ಟ ಕೋನದಲ್ಲಿ ತಾಗಿ ಪ್ರತಿಫಲಿಸುವ ಬೆಳಕು ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ. ಆ ಕೋನದಲ್ಲಿ ಪಟ್ಟಕ ಹಿಡಿದು ತಿರುಗಿಸಿದರೆ ಅಂಥ ಬೆಳಕು ಪೂರ್ತಿ ನಿಂತುಬಿಡುತ್ತದೆ. ರ್ಯಾಲೆ ಹೇಳಿದ್ದು ನಿಜವಾಗಿದ್ದರೆ ಪ್ರತಿಬಿಂಬದ ಜೊತೆ ನೀಲಿಯೂ ಹೋಗಬೇಕಿತ್ತು. ಹೋಗಲಿಲ್ಲ, ಮೇಲಿನ ಹೊಳಪು ಹೋದ ಮೇಲೆ ನೀಲಿ ಇನ್ನಷ್ಟು ಗಾಢವಾಗಿ ಕಂಡಿತು. ಬಣ್ಣ ನೀರಿನೊಳಗಿಂದಲೇ ಬರುತ್ತಿದೆ, ನೀರಿನ ಅಣುಗಳು ಬೆಳಕನ್ನು ಚದುರಿಸುತ್ತಿವೆ ಎಂದು ಅವರು 'ನೇಚರ್' ಪತ್ರಿಕೆಗೆ ಬರೆದರು.

ಇದು 1921ರ ಮಾತು. ರಾಮನ್ ಪರಿಣಾಮ ಕಂಡದ್ದು 1928ರಲ್ಲಿ. ನಡುವೆ ಏಳು ವರ್ಷವಿದೆ. ಹಡಗಿನ ಮೇಲೆ ಅವರು ಹೇಳಿದ ಚದುರಿಕೆಯಲ್ಲಿ ಬೆಳಕಿನ ಬಣ್ಣ ಬದಲಾಗುವುದಿಲ್ಲ: ನೀಲಿ ಬೆಳಕು ನೀಲಿಯಾಗಿಯೇ, ಕೆಂಪು ಕೆಂಪಾಗಿಯೇ ಚದುರುತ್ತದೆ, ನೀಲಿ ಹೆಚ್ಚು ಚದುರುತ್ತದೆ. ರಾಮನ್ ಪರಿಣಾಮದಲ್ಲಿ ಬಣ್ಣವೇ ಬದಲಾಗುತ್ತದೆ. ದಲಾಲಿ ಅಂಗಡಿಗೆ ಮಾಲು ಹಾಕಿದ ರೈತ ದಲಾಲಿ ಮುರಿದುಕೊಂಡ ಹಣ ಎಣಿಸಿಕೊಂಡು ಬರುವ ಹಾಗೆ, ಬೆಳಕಿನ ಕಣ ತನ್ನ ಶಕ್ತಿಯಲ್ಲಿ ಒಂದು ಪಾಲನ್ನು ಅಣುವಿನ ಕಂಪನಕ್ಕೆ ಕೊಟ್ಟು ಉಳಿದದ್ದರೊಂದಿಗೆ ಹೊರಬೀಳುತ್ತದೆ. ಶಕ್ತಿ ಇಳಿದರೆ ಬಣ್ಣ ಕೆಂಪಿನ ಕಡೆಗೆ ಸರಿಯುತ್ತದೆ. ಎಂದರೆ ನೀರಿನೊಳಗೆ ಈ ಪರಿಣಾಮ ನೀಲಿ ಬೆಳಕನ್ನು ಹಸಿರಿನತ್ತ ತಳ್ಳುತ್ತದೆ. ಅದೂ ಎಷ್ಟು? ಚದುರಿದ ಬೆಳಕಿನಲ್ಲಿ ಚಿಕ್ಕದೊಂದು ಪಾಲು ಮಾತ್ರ. ಅಷ್ಟರಿಂದ ಕಡಲಿಗೆ ಬಣ್ಣ ಬರುತ್ತದೆಯೇ?

ಹಾಗಾದರೆ ಸಮುದ್ರ ನೀಲಿ ಏಕೆ? ಮುಖ್ಯ ಕಾರಣ, ನೀರು ಕೆಂಪು ಬೆಳಕನ್ನು ಹೀರುತ್ತದೆ. ನೀರಿನ ಅಣುವಿನಲ್ಲಿ ಆಮ್ಲಜನಕ ಮತ್ತು ಜಲಜನಕದ ಬಂಧ ಕಂಪಿಸುವ ರೀತಿಯೇ ಅದಕ್ಕೆ ಕಾರಣ. ಲೋಟದಲ್ಲಿ ಇದು ತಿಳಿಯುವುದಿಲ್ಲ, ಹಲವು ಮೀಟರ್ ಆಳ ಬೇಕು. ಜಲಜನಕದ ಜಾಗದಲ್ಲಿ ಅದರ ಭಾರದ ರೂಪವಿರುವ ಭಾರಜಲದಲ್ಲಿ ಈ ಹೀರಿಕೆ ಕಣ್ಣಿಗೆ ಕಾಣದ ಅವಕೆಂಪಿಗೆ ಸರಿಯುತ್ತದೆ, ಆದ್ದರಿಂದ ಅದಕ್ಕೆ ಈ ನೀಲಿ ಇಲ್ಲ. ಕೆಂಪು ಕಳೆದು ಉಳಿದ ಬೆಳಕನ್ನು ನೀರಿನ ಅಣುಗಳು ಚದುರಿಸಿ ನಮ್ಮ ಕಣ್ಣಿಗೆ ಹಿಂದಿರುಗಿಸುತ್ತವೆ. ರಾಮನ್ ಅವರು ಚದುರಿಕೆಗೆ ಹೆಚ್ಚು, ಹೀರಿಕೆಗೆ ಕಡಿಮೆ ಮಹತ್ವ ಕೊಟ್ಟಿದ್ದರು. ಇಂದಿನ ವಿವರಣೆ ಹೀರಿಕೆಯನ್ನು ಮುಂದಿಡುತ್ತದೆ. ಅದನ್ನು ಹೇಳುವುದರಿಂದ ರಾಮನ್ ಚಿಕ್ಕವರಾಗುವುದಿಲ್ಲ.

ನೊಬೆಲ್ ತಂದ ಕೆಲಸ ಹಡಗಿನ ಮೇಲಿನ ಆ ಪರೀಕ್ಷೆಗಿಂತ ಎಷ್ಟೋ ಕಷ್ಟದ್ದು. ಕೋಲ್ಕತ್ತದ ಬೌಬಜಾರ್ ಬೀದಿಯ ವಿಜ್ಞಾನ ಸಂಸ್ಥೆಯಲ್ಲಿ 1923ರಲ್ಲೇ ಕೆ. ಆರ್. ರಾಮನಾಥನ್ ಅವರಿಗೆ ನೀರಿನಲ್ಲಿ ಮಿಣುಕು ಬೇರೆ ಬಣ್ಣವೊಂದು ಕಂಡಿತ್ತು. ದ್ರವದಲ್ಲಿ ಕಲ್ಮಶವಿರಬೇಕೆಂದು ಮತ್ತೆ ಮತ್ತೆ ಶುದ್ಧಿ ಮಾಡಿ ನೋಡಿದರು. ಬೆಳಕು ಉಳಿದೇ ಉಳಿಯಿತು. ಆಮೇಲೆ ರಾಮನ್ ಮತ್ತು ಕೆ. ಎಸ್. ಕೃಷ್ಣನ್ ಬಿಸಿಲಿನ ದಾರಿಗೆ ನೀಲಿ-ನೇರಳೆ ಗಾಜು ಇಟ್ಟು, ಆ ಬಣ್ಣವನ್ನು ಪೂರ್ತಿ ತಡೆಯುವ ಇನ್ನೊಂದು ಗಾಜಿನ ಮೂಲಕ ದ್ರವವನ್ನು ನೋಡಿದರು. ಏನೂ ಕಾಣಬಾರದಿತ್ತು. ಮಸುಕಾದ ಒಂದು ಬೆಳಕಿನ ಗೆರೆ ಕಂಡಿತು. ಒಳಗೆ ಹೋಗದ ಬಣ್ಣ ಹೊರಗೆ ಬಂದಿತ್ತು. ನೊಬೆಲ್ ಬಂದದ್ದು ಆ ಗೆರೆಗೆ.

ಉಳಿದ ತಪ್ಪುಗಳಿಗೆ ಒಂದೊಂದು ಸಾಲು ಸಾಕು. ಫೆಬ್ರವರಿ 28 ರಾಮನ್ ಹುಟ್ಟಿದ ದಿನವಲ್ಲ. ಅವರು ಹುಟ್ಟಿದ್ದು 1888ರ ನವೆಂಬರ್ 7ರಂದು. ಶೋಧ ನಡೆದದ್ದು ಬೆಂಗಳೂರಿನಲ್ಲಲ್ಲ. ಅದನ್ನು ವಿಸ್ತಾರವಾಗಿ ವಿವರಿಸಿದ ಉಪನ್ಯಾಸ ಮಾತ್ರ 1928ರ ಮಾರ್ಚ್ 16ರಂದು ಬೆಂಗಳೂರಿನಲ್ಲಿ ಆಯಿತು. ದಂಡಿ ಯಾತ್ರೆಯಲ್ಲಿ ನಡೆದ ಮೈಲಾರ ಮಹದೇವಪ್ಪನವರ ಊರಾದ ಮೋಟೆಬೆನ್ನೂರಿನ ಮಕ್ಕಳಿಗೆ 1930 ಎಂದರೆ ಆ ಯಾತ್ರೆ ಎಂದು ಗೊತ್ತು. ರಾಮನ್ ನೊಬೆಲ್ ಪಡೆದದ್ದೂ ಅದೇ ವರ್ಷ ಎಂಬುದನ್ನು ಜೊತೆಗೆ ಹೇಳಿಕೊಡಿ.

ರಾಮನ್ ಅವರ ಕೆಲಸದಿಂದ ನಮ್ಮಂಥ ಊರಿಗೆ ಏನು ಸಿಕ್ಕಿತು ಎಂದು ಕೇಳುವವರಿದ್ದಾರೆ. ಉತ್ತರ ಬ್ಯಾಡಗಿಯ ಮೆಣಸಿನಕಾಯಿ ಪ್ಯಾಟಿಯಲ್ಲೇ ಇದೆ. 2003ರಲ್ಲಿ ಭಾರತದ ಖಾರದ ಪುಡಿಯಲ್ಲಿ ಸುಡಾನ್ ಎಂಬ ಕೃತಕ ಬಣ್ಣ ಸಿಕ್ಕಿತೆಂದು ಯುರೋಪು ಗದ್ದಲವೆಬ್ಬಿಸಿ ತಪಾಸಣೆ ಬಿಗಿ ಮಾಡಿತು. ಬ್ಯಾಡಗಿ ಮೆಣಸಿನಕಾಯಿಯ ಕೆಂಪಿನ ಅಣು ಬೇರೆ, ಸುಡಾನ್ ಅಣು ಬೇರೆ. ಎರಡರ ಕಂಪನವೂ ಬೇರೆ. ಆದ್ದರಿಂದ ಲೇಸರ್ ಬೆಳಕು ಬಿಟ್ಟರೆ ರಾಮನ್ ರೋಹಿತದಲ್ಲಿ ಬೇರೆ ಬೇರೆ ಗೆರೆ ಮೂಡುತ್ತವೆ. ಕಣ್ಣಿಗೆ ಒಂದೇ ಕೆಂಪು, ಉಪಕರಣಕ್ಕೆ ಎರಡು. ಕಲಬೆರಕೆ ಬಯಲಾದರೆ ನಿಜವಾದ ಬಣ್ಣ ಬೆಳೆದ ರೈತನ ಮಾಲಿಗೆ ಮರ್ಯಾದೆ ಉಳಿಯುತ್ತದೆ. ಮೆಣಸಿನಕಾಯಿ ಬೆಳೆಯುವ ನಾಡಿನ ಮಕ್ಕಳಿಗೆ ಈ ಉದಾಹರಣೆ ಬಿಟ್ಟು, ಸುಳ್ಳಾದ ಸಮುದ್ರದ ಉದಾಹರಣೆ ಕೊಡುವುದು ಅನ್ಯಾಯ.

ಇನ್ನೊಂದು ನಂಬಿಕೆ ಸಮುದ್ರದ ಈ ತಪ್ಪಿಗಿಂತ ಅಪಾಯದ್ದು: ದೊಡ್ಡ ವಿಜ್ಞಾನಿ ಹೇಳಿದ್ದೆಲ್ಲ ಸರಿ ಎನ್ನುವುದು. 1933ರಲ್ಲಿ ಮುಂಬಯಿಯಲ್ಲಿ ಪದವಿ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದ ಕಮಲಾ ಭಾಗವತ್ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ, ಎಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ, ಬಂದಾಗ ನಿರ್ದೇಶಕರಾಗಿದ್ದ ರಾಮನ್ ಹೆಣ್ಣೆಂಬ ಕಾರಣಕ್ಕೆ ಪ್ರವೇಶ ಕೊಡಲಿಲ್ಲ. ಆಕೆ ಸತ್ಯಾಗ್ರಹದ ಹಟ ಹಿಡಿದರು. ರಾಮನ್ ಅವರನ್ನು ಒಂದು ವರ್ಷ ಪರೀಕ್ಷೆಯ ಮೇಲೆ ಸೇರಿಸಿಕೊಂಡರು. ಕೆಲಸ ನೋಡಿದ ಮೇಲೆ ರಾಮನ್ ಮನಸ್ಸು ಬದಲಿಸಿದರು, ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯಿತು. ಮುಂದೆ ಕಮಲಾ ಸೊಹೊನಿ ಎಂದು ಹೆಸರಾದ ಆಕೆ ಕೇಂಬ್ರಿಜ್‌ನಲ್ಲಿ ಡಾಕ್ಟರೇಟ್ ಪಡೆದರು. ರ್ಯಾಲೆಯ ಮಾತನ್ನು ಪರೀಕ್ಷಿಸದೆ ಒಪ್ಪದ ರಾಮನ್ ಹೆಣ್ಣುಮಕ್ಕಳ ಬಗೆಗಿನ ತಮ್ಮ ನಂಬಿಕೆಯನ್ನು ಪರೀಕ್ಷಿಸಿರಲಿಲ್ಲ. ಅದನ್ನು ತಿದ್ದಲು ಒಬ್ಬ ವಿದ್ಯಾರ್ಥಿನಿ ಹಟ ಹಿಡಿಯಬೇಕಾಯಿತು. ವಿಜ್ಞಾನ ದಿನದಂದು ಈ ಕಥೆಯನ್ನು ಮುಚ್ಚಿಡುವುದೇಕೆ?

ನಮ್ಮ ನಿಜವಾದ ರೋಗ ಪರೀಕ್ಷಿಸದೆ ಒಪ್ಪುವುದರಲ್ಲೇ ಇದೆ. ದೊಡ್ಡವರ ಹೆಸರು ಅಂಟಿಸಿದರೆ ಸಾಕು, ಯಾವ ಸುದ್ದಿಯನ್ನಾದರೂ ಫಾರ್ವರ್ಡ್ ಮಾಡುತ್ತೇವೆ. ಗ್ರಹಣದ ದಿನ ಊಟ ವಿಷವಾಗುತ್ತದೆ ಎಂದವರನ್ನು ಮೌಢ್ಯದವರು ಎನ್ನುತ್ತೇವೆ. ಗೈಡಿನಲ್ಲಿ ಅಚ್ಚಾದ ಸುಳ್ಳನ್ನು ಮಾತ್ರ ವಿಜ್ಞಾನ ಎನ್ನುತ್ತೇವೆ. ಪರೀಕ್ಷಿಸದೆ ನಂಬಿದರೆ ಎರಡೂ ಒಂದೇ.

ಮಾಸ್ತರರಲ್ಲಿ, ಅಕ್ಕೋರಲ್ಲಿ ಒಂದು ಬೇಡಿಕೆ. ಈ ಸಲ ಭಾಷಣ ಬಾಯಿಪಾಠ ಮಾಡಿಸಬೇಡಿ. ಪೋಲರಾಯ್ಡ್ ತಂಪು ಕನ್ನಡಕ ಒಂದನ್ನು ತೆಗೆದುಕೊಂಡು ಮಕ್ಕಳನ್ನು ಹಾವೇರಿಯ ಹೆಗ್ಗೇರಿ ಕೆರೆಗೋ ನಿಮ್ಮೂರಿನ ಕೆರೆಗೋ ಕರೆದೊಯ್ಯಿರಿ. ಓರೆಯಾಗಿ ನೀರನ್ನು ನೋಡುತ್ತ ಕನ್ನಡಕ ತಿರುಗಿಸಲಿ. ಹೊಳಪು ಹೋಗಿ ನೀರಿನೊಳಗಿನ ಬಣ್ಣ ಕಾಣುತ್ತದೆ. ಅದು ನೀಲಿಯಲ್ಲ, ಹಸಿರು ಅಥವಾ ಮಣ್ಣುಬಣ್ಣ. ಏಕೆ ಎಂದು ಮಕ್ಕಳು ಕೇಳುತ್ತಾರೆ. ಪಾಚಿ, ಹೂಳು ಎಂದು ತಾವೇ ಕಂಡುಕೊಳ್ಳಲಿ. ಬಹುಮಾನವನ್ನು ಕೇಳಿದ ಮಗುವಿಗೆ ಕೊಡಿ, ಒಪ್ಪಿಸಿದ ಮಗುವಿಗಲ್ಲ.