ಮೂರು ದೇಶಗಳ ಸರೋವರದ ಮೇಲೆ ಮೆಲ್ಲಗೆ

ಇಲ್ಲಿ ಇಬ್ಬರು ಇಳಿದರೆ ಇಬ್ಬರು ಹತ್ತಬೇಕು, ಮತ್ತಿಬ್ಬರು ಇಳಿದರೆ ಮತ್ತಿಬ್ಬರು. ಎಲ್ಲರೂ ಒಟ್ಟಿಗೆ ಇಳಿದುಬಿಟ್ಟರೆ ಭಾರದ ಲೆಕ್ಕವೇ ತಪ್ಪುತ್ತದೆ. ದಕ್ಷಿಣ ಜರ್ಮನಿಯ ಫ್ರೀಡ್ರಿಕ್‌ಶಾಫೆನ್‌ನಲ್ಲಿ ಜೆಪ್ಪೆಲಿನ್ ವಾಯುನೌಕೆ ಏರುವವರಿಗೆ ಎದುರಾಗುವ ಮೊದಲ ಸೋಜಿಗವಿದು. 75 ಮೀಟರ್ ಉದ್ದದ ಹೀಲಿಯಂ ತುಂಬಿದ ಒಡಲು, ಅದರ ಕೆಳಗೆ ಹದಿನಾಲ್ಕರ ಆಸುಪಾಸು ಜನ ಕೂರುವ ಪುಟ್ಟ ಕೋಣೆ.

ಮೇಲೇರಿದ ಮೇಲೆ ಬೆಲ್ಟ್ ಬಿಚ್ಚಿ ಓಡಾಡಬಹುದು. ತೆರೆಯಬಹುದಾದ ಕಿಟಕಿಗಳೂ ಇವೆ! ನೆಲದಿಂದ ಮುನ್ನೂರು ಮೀಟರ್ ಎತ್ತರವಷ್ಟೇ. ಕೆಳಗಿನ ಸೇಬಿನ ತೋಟ, ಹಾಯಿದೋಣಿ, ದ್ರಾಕ್ಷಿಯ ಸಾಲು ಎಲ್ಲವೂ ಬಿಡಿಬಿಡಿಯಾಗಿ ಕಾಣುತ್ತವೆ. ಜೆಟ್ ವಿಮಾನದಲ್ಲಿ ಹೋಗುವವರಿಗೆ ಊರು ಸಿಗುವುದು ಇಳಿದ ಮೇಲೆ. ಇಲ್ಲಿ ಹಾರುವುದೇ ಊರು ನೋಡುವುದು.

ಇದೇ ದಂಡೆಯಲ್ಲಿ 1900ರ ಜುಲೈ 2ರಂದು ಕೌಂಟ್ ಜೆಪ್ಪೆಲಿನ್ನನ ಮೊದಲ ವಾಯುನೌಕೆ ಹಾರಿತು. ಹೈಡ್ರೋಜನ್ ತುಂಬಿದ್ದ 'ಹಿಂಡನ್‌ಬರ್ಗ್' 1937ರಲ್ಲಿ ಅಮೆರಿಕದಲ್ಲಿ ಹೊತ್ತಿ ಉರಿದ ಮೇಲೆ ವಾಯುನೌಕೆಗಳ ಆ ಯುಗ ಮುಗಿಯಿತು. ಈಗಿನ ಹೀಲಿಯಂ ಉರಿಯುವ ಅನಿಲವಲ್ಲ. ಹಳೆಯ ಬಂದರು ರೈಲು ನಿಲ್ದಾಣದಲ್ಲಿರುವ ಜೆಪ್ಪೆಲಿನ್ ಮ್ಯೂಸಿಯಂನಲ್ಲಿ ಹಿಂಡನ್‌ಬರ್ಗ್‌ನ 33 ಮೀಟರ್ ಭಾಗವನ್ನು ಮರಳಿ ಕಟ್ಟಿ ನಿಲ್ಲಿಸಿದ್ದಾರೆ. ನಮ್ಮ ಎಚ್‌ಎಎಲ್ ಕಾನ್ಪುರದಲ್ಲಿ ತಯಾರಿಸುವ ಡಾರ್ನಿಯರ್ ವಿಮಾನದ ಹೆಸರಿನ ಬೇರೂ ಇದೇ ಊರಿನಲ್ಲಿದೆ: ಕ್ಲಾಡ್ ಡಾರ್ನಿಯರ್ ಕೆಲಸ ಮಾಡಿದ್ದು ಜೆಪ್ಪೆಲಿನ್ ಕಂಪನಿಯಲ್ಲಿ.

ಕೆಳಗಿರುವುದು ಜರ್ಮನರು ಬೋಡನ್‌ಸೇ ಎನ್ನುವ ಕಾನ್‌ಸ್ಟಾನ್ಸ್ ಸರೋವರ. ಸುಮಾರು 536 ಚದರ ಕಿಲೋಮೀಟರ್ ವಿಸ್ತಾರ, ರೈನ್ ನದಿ ಒಳಹೊಕ್ಕು ಹೊರಬರುವ ನೀರು. ದಂಡೆಯಲ್ಲಿ ಜರ್ಮನಿ, ಆಸ್ಟ್ರಿಯ, ಸ್ವಿಟ್ಜರ್ಲೆಂಡ್. ಆದರೆ ಮೇಲಿನ ದೊಡ್ಡ ಭಾಗದಲ್ಲಿ ಯಾರ ಗಡಿ ಎಲ್ಲಿ ಎಂಬುದನ್ನು ಮೂವರೂ ಒಪ್ಪಿ ಬರೆದುಕೊಂಡೇ ಇಲ್ಲ. ನೀರಿನ ನಟ್ಟನಡುವೆ ಗಡಿ ಎನ್ನುತ್ತದೆ ಸ್ವಿಟ್ಜರ್ಲೆಂಡ್. ಇದು ಎಲ್ಲರದೂ ಎನ್ನುತ್ತದೆ ಆಸ್ಟ್ರಿಯ. ಹಾಗಿದ್ದೂ ಮೀನುಗಾರಿಕೆ, ನೌಕಾಯಾನ, ನೀರಿನ ಶುದ್ಧತೆಗೆಲ್ಲ ಒಪ್ಪಂದಗಳಿವೆ. ದೂರದ ಸ್ಟುಟ್‌ಗಾರ್ಟ್ ಸೇರಿ ಸುಮಾರು 40 ಲಕ್ಷ ಜನ ಕುಡಿಯುವುದು ಇಲ್ಲಿನ ನೀರನ್ನು. ಒಂದೊಂದು ನದಿಗೂ ನ್ಯಾಯಮಂಡಳಿ ಕಂಡ ನಾಡಿನವರಿಗೆ ಇದು ಹೊಟ್ಟೆಕಿಚ್ಚು ತರುವ ಸಂಗತಿಯೇ.

ಹಾರಾಟ ದುಬಾರಿ. ಅರ್ಧ ಗಂಟೆಗೇ ನೂರಾರು ಯುರೊ. ಬೇಡವೆನ್ನುವವರಿಗೆ ದೋಣಿಗಳಿವೆ. ಸಿಂಹದ ಪ್ರತಿಮೆ ಮತ್ತು ದೀಪಸ್ತಂಭ ಕಾಯುವ ಲಿಂಡಾವ್ ಬಂದರಿನ ಫೋಟೊವನ್ನು ಎಲ್ಲರೂ ತೆಗೆಯುತ್ತಾರೆ. ಹೂದ್ವೀಪ ಮೈನಾವ್‌ನಲ್ಲಿ ವಸಂತದ ಜಂಗುಳಿ ವಿಪರೀತ. ನನ್ನನ್ನು ಕೇಳಿದರೆ ಉಂಟರ್‌ಉಲ್ಡಿಂಗನ್‌ಗೆ ಹೋಗಿ. ಶಿಲಾಯುಗ, ಕಂಚಿನ ಯುಗದ ಜನ ನೀರಂಚಿನಲ್ಲಿ ಕಂಬ ನೆಟ್ಟು ಕಟ್ಟಿಕೊಂಡಿದ್ದ ಮನೆಗಳನ್ನು 1922ರಿಂದ ಅಲ್ಲಿ ಮರುನಿರ್ಮಿಸುತ್ತ ಬಂದಿದ್ದಾರೆ. ಆಲ್ಪ್ಸ್ ಸುತ್ತಲಿನ ಇಂಥ ವಸತಿನೆಲೆಗಳು 2011ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿವೆ.

ಬೆಂಗಳೂರಿನಿಂದ ಮ್ಯೂನಿಕ್‌ಗೆ ವಿಮಾನ, ಅಲ್ಲಿಂದ ಲಿಂಡಾವ್‌ಗೆ ರೈಲು ಎಂದಿಟ್ಟುಕೊಂಡರೆ ಸುಲಭ. ಮೂರೂ ದೇಶಗಳಿಗೆ ಒಂದೇ ಷೆಂಗೆನ್ ವೀಸಾ ಸಾಕು, ಪಾಸ್‌ಪೋರ್ಟ್ ಮಾತ್ರ ಜೊತೆಯಲ್ಲಿರಲಿ. ಚಳಿಗಾಲದಲ್ಲಿ ಜೆಪ್ಪೆಲಿನ್ ಪ್ರವಾಸಿಗಳನ್ನು ಹಾರಿಸುವುದಿಲ್ಲ. ಉಳಿದ ದಿನಗಳಲ್ಲೂ ಗಾಳಿ ಜೋರಾದರೆ ಹಾರಾಟ ರದ್ದಾಗುತ್ತದೆ. ಟಿಕೆಟ್ ಕಾಯ್ದಿರಿಸುವವರು ಮರುದಿನವನ್ನೂ ಖಾಲಿ ಬಿಟ್ಟುಕೊಳ್ಳಿ.