ಈಜಿಪ್ಟಿಗೆ ತಡೆ: ಅವಿನ್ಯೋನ್‌ನಲ್ಲಿ 21 ಲಕ್ಷ ಫ್ಲೋರಿನ್, ಥಾಣೆಯಲ್ಲಿ 2 ಹಡಗು

1321ರ ಸೆಪ್ಟೆಂಬರ್ 24ರಂದು ವೆನಿಸ್‌ನ ಮಾರಿನೊ ಸನೂಡೊ ಅವಿನ್ಯೋನ್ ನಗರದಲ್ಲಿ ಪೋಪ್ 22ನೇ ಜಾನ್ ಅವರ ಮುಂದೆ ಒಂದು ಗ್ರಂಥವನ್ನಿಟ್ಟ. ಅದರ ತಿರುಳು ಖರ್ಚಿನ ಪಟ್ಟಿ. ಈಜಿಪ್ಟಿನ ಸುಲ್ತಾನನನ್ನು ಮಣಿಸಲು 15,000 ಕಾಲಾಳು, 300 ಕುದುರೆ ಸವಾರರು, 3 ವರ್ಷ. ಒಟ್ಟು 21 ಲಕ್ಷ ಫ್ಲೋರಿನ್.

ಫ್ಲೋರಿನ್ ಎಂದರೆ ಸುಮಾರು 3.5 ಗ್ರಾಂ ಚಿನ್ನದ ನಾಣ್ಯ. ಆ ಲೆಕ್ಕದಲ್ಲಿ ಬೇಡಿಕೆ ವರ್ಷಕ್ಕೆ 2,450 ಕಿಲೋ ಚಿನ್ನ, ಮೂರು ವರ್ಷಕ್ಕೆ 7,350 ಕಿಲೋ.

ಮೆಣಸಿನ ದಾರಿ, ಸುಲ್ತಾನನ ಸುಂಕ

ಭಾರತದ ಮೆಣಸು, ಶುಂಠಿ ಏಡನ್ ದಾಟಿ, ಕೆಂಪು ಸಮುದ್ರ ಹಾಯ್ದು ಅಲೆಕ್ಸಾಂಡ್ರಿಯಾ ಸೇರುತ್ತಿದ್ದವು. ಯುರೋಪ್ ಕೊಳ್ಳುತ್ತಿದ್ದುದು ಅಲ್ಲಿ. ಸುಂಕ ಸುಲ್ತಾನನ ಬೊಕ್ಕಸಕ್ಕೆ. ಭಾರತದಲ್ಲಿ ಸರಕು ಹಡಗೇರುವ ಮುಖ್ಯ ಜಾಗಗಳೆಂದು ಸನೂಡೊ ಹೇಳಿದ್ದು ಎರಡನ್ನು: ಮಲಬಾರ್ ಮತ್ತು ಖಂಬಾತ್. ಇವೆರಡರ ನಡುವಿನ ಬಂದರು ಥಾಣೆ. ಹೊರ್ಮುಜ್‌ನಿಂದ ಇಲ್ಲಿಗೆ ತಾನು 28 ದಿನ ಹಡಗಿನಲ್ಲಿ ಬಂದೆನೆಂದು ಇಟಲಿಯ ಸನ್ಯಾಸಿ ಒಡೊರಿಕ್ ಬರೆಸಿದ್ದಾನೆ.

ಸನೂಡೊ ಗ್ರಂಥ ಒಪ್ಪಿಸಿದ ವರ್ಷವೇ, 1321ರ ಏಪ್ರಿಲ್‌ನಲ್ಲಿ ಥಾಣೆಯಲ್ಲಿ 4 ಫ್ರಾನ್ಸಿಸ್ಕನ್ ಸನ್ಯಾಸಿಗಳ ಕೊಲೆಯಾಗಿತ್ತು: 9ರಂದು ಮೂವರು, 11ರಂದು ಒಬ್ಬ. ಊರಿನಲ್ಲಿದ್ದ ನೆಸ್ಟೋರಿಯನ್ ಕ್ರೈಸ್ತರ ಮನೆಗಳು 15. ಅಂಥದೊಂದು ಮನೆಯ ಗಂಡ-ಹೆಂಡಿರ ಜಗಳ ಕಾಜಿಯ ಬಳಿ ಹೋಯಿತು, ಸಾಕ್ಷಿಗೆ ಹೋದ ಸನ್ಯಾಸಿಗಳು ಧರ್ಮದ ವಾದಕ್ಕೆ ಸಿಕ್ಕಿಬಿದ್ದರು. ಜೊತೆಗೆ ಬಂದಿದ್ದ ಡೊಮಿನಿಕನ್ ಪಂಥದ ಜೊರ್ಡಾನಸ್ ಆಗ ಭರೂಚ್ ಕಡೆ ಹೋಗಿದ್ದರಿಂದ ಉಳಿದುಕೊಂಡ. ಶವಗಳನ್ನು ಸೋಪಾರಾದಲ್ಲಿ ಮಣ್ಣು ಮಾಡಿದವನೂ ಅವನೇ.

1324ರ ಜನವರಿಯಲ್ಲಿ ಥಾಣೆಯಿಂದ ಬರೆದ ಪತ್ರದಲ್ಲಿ ಅವನೂ ಲೆಕ್ಕ ಒಪ್ಪಿಸಿದ: ಥಾಣೆ-ಸೋಪಾರಾ ನಡುವೆ ದೀಕ್ಷೆ ಪಡೆದವರು 35. ಜೊತೆಗೆ ಒಂದು ಸಲಹೆ: ಪೋಪ್ ಈ ಕಡಲಿನಲ್ಲಿ 2 ಗ್ಯಾಲಿ, ಅಂದರೆ ಹುಟ್ಟು ಹಾಕಿ ನಡೆಸುವ ಯುದ್ಧನೌಕೆ, ಇಟ್ಟರೆ ಸಾಕು, ಸುಲ್ತಾನನಿಗೆ ಭಾರೀ ಪೆಟ್ಟು ಬೀಳುತ್ತದೆ.

ಮೂರು ಅಂದಾಜು

• ಸನೂಡೊ, 1321: ಮೆಡಿಟರೇನಿಯನ್ ಸಾಗಾಟ ತಡೆಯಲು 10 ಗ್ಯಾಲಿ, ಬಳಿಕ 15,300 ಮಂದಿಯ ದಂಡು
• ಡೊಮಿನಿಕನ್ ಪಂಥದ ವಿಲಿಯಂ ಆಡಮ್, ಸುಮಾರು 1317: ಏಡನ್ ಕೊಲ್ಲಿಯಲ್ಲಿ 3-4 ಗ್ಯಾಲಿ, 1,200 ಮಂದಿ
• ಜೊರ್ಡಾನಸ್, 1324: 2 ಗ್ಯಾಲಿ

ಭಾರತದ ಕಡೆಗೆ ಬಂದಷ್ಟೂ ಅಂಕಿ ಇಳಿಯುತ್ತದೆ. ಮೆಡಿಟರೇನಿಯನ್‌ನಲ್ಲಿ ತಡೆಯಬೇಕಾದದ್ದು ಹತ್ತಾರು ಬಂದರುಗಳನ್ನು, ಅದರಲ್ಲೂ ವೆನಿಸ್, ಜಿನೋವಾದ ಸ್ವಂತ ವರ್ತಕರನ್ನು. ಈಚೆ ಬದಿಯಲ್ಲಿ ಕಾಯಬೇಕಾದದ್ದು ಕೆಂಪು ಸಮುದ್ರದ ಬಾಯಲ್ಲಿರುವ ಬಾಬ್-ಎಲ್-ಮಂದಬ್ ಜಲಸಂಧಿ ಒಂದನ್ನೇ. ಅದರ ಅಗಲ 30 ಕಿಲೋಮೀಟರಿನ ಆಸುಪಾಸು.

ದುಡ್ಡು ಎಲ್ಲಿತ್ತು?

ಈ ಮೂರರಲ್ಲಿ ಯಾವ ಯೋಜನೆಯನ್ನೂ ಯುರೋಪ್ ಕೊಳ್ಳಲಿಲ್ಲ. 1315-17ರ ಮಹಾಕ್ಷಾಮದ ಹೊಡೆತ ಇನ್ನೂ ಆರಿರಲಿಲ್ಲ. 1321ರಲ್ಲೇ ಇಂಗ್ಲೆಂಡಿನಲ್ಲಿ ಸರದಾರರು ದೊರೆಯ ಮೇಲೆ ತಿರುಗಿಬಿದ್ದರು. ಬೈಜಾಂಟಿಯಂನಲ್ಲಿ ತಾತ-ಮೊಮ್ಮಗನ ಸಿಂಹಾಸನದ ಕದನ ಶುರುವಾಗಿ 7 ವರ್ಷ ನಡೆಯಿತು. ಹಡಗು ಕೇಳಿದ ಜೊರ್ಡಾನಸ್‌ಗೆ 1329ರಲ್ಲಿ ಪೋಪ್ ಕೊಟ್ಟದ್ದು ಕೊಲ್ಲಂನ ಬಿಷಪ್ ಪದವಿ.

ಹಾಗಾದರೆ 2 ಹಡಗು ಸಾಕಾಗುತ್ತಿತ್ತೇ? ಪೋರ್ಚುಗೀಸರ ಅನುಭವ ಇಲ್ಲವೆನ್ನುತ್ತದೆ. 1513ರಲ್ಲಿ ಸುಮಾರು 20 ಹಡಗುಗಳೊಂದಿಗೆ ಹೋದ ಅಲ್ಬುಕರ್ಕ್‌ಗೆ ಏಡನ್ ಕೋಟೆ ದಕ್ಕಲಿಲ್ಲ. ಜೊರ್ಡಾನಸ್ ಜಾಗ ಸರಿಯಾಗಿ ಗುರುತಿಸಿದ್ದ, ಖರ್ಚನ್ನು ತೀರ ಕಮ್ಮಿ ಹಿಡಿದಿದ್ದ.

ಜಾಗದ ಲೆಕ್ಕ ಇಂದಿಗೂ ಬದಲಾಗಿಲ್ಲ. ಥಾಣೆ ಕೊಲ್ಲಿಯ ಆಚೆ, ನವಿ ಮುಂಬಯಿಯ ನ್ಹಾವಾ ಶೇವಾ ಬಂದರು 2024-25ರಲ್ಲಿ 20 ಅಡಿ ಉದ್ದದ ಕಂಟೇನರ್ ಲೆಕ್ಕದಲ್ಲಿ 70 ಲಕ್ಷಕ್ಕೂ ಹೆಚ್ಚು ಕಂಟೇನರುಗಳಷ್ಟು ಸರಕು ನಿಭಾಯಿಸಿತು. 2023ರ ನವೆಂಬರ್‌ನಿಂದ ಯೆಮೆನ್‌ನ ಹೂತಿಗಳು ಅದೇ ಬಾಬ್-ಎಲ್-ಮಂದಬ್ ಜಲಸಂಧಿಯ ಆಸುಪಾಸಿನಲ್ಲಿ ದಾಳಿಗಿಳಿದಾಗ, ಯುರೋಪಿಗೆ ಹೊರಟ ಅನೇಕ ಹಡಗುಗಳು ಇಡೀ ಆಫ್ರಿಕಾ ಸುತ್ತಿ ಹೋಗಬೇಕಾಯಿತು. ಅದಕ್ಕೆ ನೌಕಾಪಡೆಯೂ ಬೇಕಾಗಲಿಲ್ಲ. ದಡದ ಮೇಲಿನ ಕ್ಷಿಪಣಿ, ಡ್ರೋನ್‌ಗಳೇ ಸಾಕಾದವು.