ಕಂಪ್ರೆಸರ್ ತಲೆ ಮೇಲಿನ ಕಪ್ಪು ಬಿಲ್ಲೆ

ಏಪ್ರಿಲ್ ಮಧ್ಯಾಹ್ನ. ಲ್ಯಾಬಿನ ಎಸಿಯಿಂದ ಗಾಳಿ ಬರ್ತಿದೆ, ತಂಪಿಲ್ಲ. ಹೊರಗಿನ ಯೂನಿಟ್ಟಿನ ಫ್ಯಾನ್ ತಿರುಗ್ತಿದೆ, ಕಂಪ್ರೆಸರ್ ಮಾತ್ರ ಸುಮ್ಮನಿದೆ. ಅರ್ಧ ಗಂಟೆ ಬಿಟ್ಟು ತಾನಾಗಿಯೇ ಶುರುವಾಗುತ್ತೆ, ಸ್ವಲ್ಪ ಹೊತ್ತಿಗೆ ಮತ್ತೆ ನಿಲ್ಲುತ್ತೆ. ರಿಪೇರಿಗೆ ಬಂದವರು ಕೆಲವೊಮ್ಮೆ ಹೇಳೋದು ಹೀಗೆ: "ಓಎಲ್‌ಪಿ ವೀಕ್ ಆಗಿದೆ ಸಾರ್, ಡೈರೆಕ್ಟ್ ಮಾಡಿಬಿಡ್ತೀನಿ." ಡೈರೆಕ್ಟ್ ಮಾಡೋದು ಅಂದ್ರೆ ಏನನ್ನ ಕಿತ್ತುಹಾಕಿದ ಹಾಗೆ ಅಂತ ನೋಡೋಣ. (ಇನ್ವರ್ಟರ್ ಎಸಿಯಲ್ಲಿ ಕರೆಂಟಿನ ಲೆಕ್ಕವನ್ನ ಬೋರ್ಡೇ ಇಡುತ್ತೆ. ನಾವು ಹೇಳ್ತಿರೋದು ಹಳೇ ಫಿಕ್ಸೆಡ್ ಸ್ಪೀಡ್ ಎಸಿಯ ಕಥೆ.)

ಓಎಲ್‌ಪಿ, ಅಂದರೆ ಓವರ್‌ಲೋಡ್ ಪ್ರೊಟೆಕ್ಟರ್. ಸಾಮಾನ್ಯವಾಗಿ ಟರ್ಮಿನಲ್ ಮುಚ್ಚಳದ ಕೆಳಗೆ, ಕಂಪ್ರೆಸರಿನ ಉಕ್ಕಿನ ಮೈಗೆ ಒತ್ತಿಕೊಂಡು ಕೂತಿರುವ ಕಪ್ಪು ಬಿಲ್ಲೆ ಇದು. ಕಾಮನ್ ಟರ್ಮಿನಲ್‌ಗೆ ಸೀರೀಸ್‌ನಲ್ಲಿ ಇರೋದರಿಂದ ಎರಡೂ ವೈಂಡಿಂಗ್‌ಗಳ ಕರೆಂಟ್ ಇದರೊಳಗೇ ಹಾದುಹೋಗಬೇಕು. ಒಳಗೊಂದು ಬೈಮೆಟಲ್ ತಟ್ಟೆ. ಬಿಸಿ ಮಿತಿ ಮೀರಿದರೆ ಟಕ್ಕನೆ ಮಗುಚಿ ಸಂಪರ್ಕ ಕಡಿಯುತ್ತೆ, ಆರಿದ ಮೇಲೆ ಮತ್ತೆ ಟಕ್ಕನೆ ಕೂಡಿಸುತ್ತೆ.

ಎಂಸಿಬಿ ಇದೆಯಲ್ಲ, ಇದ್ಯಾಕೆ? ಲೆಕ್ಕ ಹಾಕಿ. 1.5 ಟನ್ ಎಸಿ ಓಡುವಾಗ ಸುಮಾರು 8 ಆಂಪಿಯರ್ ಎಳೆಯುತ್ತೆ. ರೋಟರ್ ತಿರುಗದೆ ನಿಂತರೆ 40ರ ಆಸುಪಾಸು. ಕರೆಂಟ್ 5 ಪಟ್ಟಾದರೆ ವೈಂಡಿಂಗಿನ ಶಾಖ 25 ಪಟ್ಟು. ಆದರೆ ಸಿ ಟೈಪ್ 16 ಆಂಪಿಯರ್ ಎಂಸಿಬಿ ತಕ್ಷಣ ಬೀಳಬೇಕಾದರೆ ಕನಿಷ್ಠ 80 ಆಂಪಿಯರ್ ಬೇಕು. 40ಕ್ಕೆ ಅದು ಹೆಚ್ಚುಕಡಿಮೆ ಒಂದು ನಿಮಿಷದವರೆಗೂ ಕಾಯಬಹುದು. ಅದು ಕಾಯೋದು ಗೋಡೆಯೊಳಗಿನ ವೈರನ್ನ, ಮೋಟರನ್ನಲ್ಲ. ಓಎಲ್‌ಪಿ ಕೆಲವೇ ಸೆಕೆಂಡುಗಳಲ್ಲಿ ಬಿಡಿಸಿಬಿಡುತ್ತೆ.

ರೋಟರ್ ಯಾಕೆ ನಿಲ್ಲುತ್ತೆ? ಕರೆಂಟ್ ಹೋಗಿ ತಕ್ಷಣ ಬಂದರೆ ಸಾಕು. ಎರಡೂ ಕಡೆಯ ಗ್ಯಾಸ್ ಒತ್ತಡ ಇನ್ನೂ ಸಮ ಆಗಿರೋಲ್ಲ, ಆ ಒತ್ತಡದ ವಿರುದ್ಧ ಹೊರಡಲು ಮೋಟರಿಗೆ ಆಗೋಲ್ಲ. 3 ನಿಮಿಷ ತಡೆದು ಆನ್ ಮಾಡಿ ಅನ್ನೋದು ಇದಕ್ಕೇ. ವೋಲ್ಟೇಜ್ 230ರಿಂದ 180ಕ್ಕೆ ಇಳಿದಿದ್ದರಂತೂ ಟಾರ್ಕ್ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಕುಸಿದು ಸುಮಾರು 61 ಶೇಕಡಾ ಮಾತ್ರ ಉಳಿಯುತ್ತೆ. ಕೆಪಾಸಿಟರ್ ಸೊರಗಿದ್ದರೂ ಇದೇ ಗತಿ.

ನಮಗೆ ಹೆಚ್ಚು ಸ್ವಾರಸ್ಯ ಅನ್ನಿಸಿದ್ದು ಇನ್ನೊಂದು ಸಂಗತಿ. ಈ ಮೋಟರಿಗೆ ಬೇರೆ ಫ್ಯಾನ್ ಇಲ್ಲ. ಅದನ್ನ ತಣಿಸೋದು, ಕಂಪ್ರೆಸರಿನೊಳಗೆ ಹರಿಯುವ ಗ್ಯಾಸೇ. ಗ್ಯಾಸ್ ಸೋರಿದರೆ ಲೋಡ್ ಕಡಿಮೆ, ಕರೆಂಟೂ ಕಡಿಮೆ. ಮೀಟರ್ ನೋಡಿದರೆ ಎಲ್ಲ ಆರಾಮ. ಒಳಗೆ ಮೋಟರ್ ಬೇಯ್ತಿರುತ್ತೆ! ಕರೆಂಟ್ ಮಾತ್ರ ಅಳೆಯುವ ಯಾವ ಸಾಧನಕ್ಕೂ ಇದು ಕಾಣೋಲ್ಲ. ಕಂಪ್ರೆಸರಿನ ಮೈಗೆ ಅಂಟಿಕೊಂಡ ಬಿಲ್ಲೆಗೆ ಕಾಣುತ್ತೆ.

ಕೆಲವು ಕಂಪ್ರೆಸರುಗಳಲ್ಲಿ ಓಎಲ್‌ಪಿ ವೈಂಡಿಂಗಿನ ಜೊತೆಯಲ್ಲೇ, ಒಳಗೇ ಇರುತ್ತೆ. ಅಂಥದ್ದನ್ನ ಬಿಸಿ ಇರುವಾಗ ಪರೀಕ್ಷಿಸಿ 'ವೈಂಡಿಂಗ್ ಓಪನ್, ಕಂಪ್ರೆಸರ್ ಹೋಯ್ತು' ಅನ್ನೋ ತಪ್ಪು ತೀರ್ಪು ಬರಬಹುದು. ಸಪ್ಲೈ ತೆಗೆದು, ಕೆಪಾಸಿಟರ್ ಡಿಸ್‌ಚಾರ್ಜ್ ಮಾಡಿ, ತಂತಿಗಳನ್ನ ಬಿಚ್ಚಿ ಅಳೆಯಿರಿ. ರನ್–ಸ್ಟಾರ್ಟ್ ನಡುವೆ ರೆಸಿಸ್ಟೆನ್ಸ್ ಸಿಕ್ಕು, ಕಾಮನ್‌ನಿಂದ ಎರಡಕ್ಕೂ ಓಪನ್ ತೋರಿಸಿದರೆ ಓಎಲ್‌ಪಿ ಬಿಟ್ಟಿರುವ ಸಾಧ್ಯತೆ ಹೆಚ್ಚು. ಅಷ್ಟು ಭಾರದ ಉಕ್ಕು ಆರೋಕೆ ಒಂದು ಗಂಟೆಗೂ ಮೀರಬಹುದು. ಕಾದು ಮತ್ತೆ ಅಳೆಯಿರಿ.

ತಣ್ಣಗಿರುವಾಗಲೂ ಓಪನ್ ಇರುವ ಹೊರಗಿನ ಓಎಲ್‌ಪಿ ನಿಜಕ್ಕೂ ಕೆಟ್ಟಿದೆ, ಅದೇ ಕಂಪ್ರೆಸರಿಗೆ ಹೇಳಿದ್ದನ್ನೇ ತಂದು ಹಾಕಬೇಕು. ಡೈರೆಕ್ಟ್ ಮಾಡಿದರೆ ಒಂದೆರಡು ದಿನ ರೂಮು ತಂಪಾದೀತು. ಆಮೇಲೆ ವೈಂಡಿಂಗ್ ಸುಟ್ಟು, ಎಣ್ಣೆ ಆಸಿಡ್ ಆಗಿ, ಪೈಪಿನುದ್ದಕ್ಕೂ ಹರಡುತ್ತೆ. ಅದನ್ನ ಪೂರ್ತಿ ತೊಳೆಯದೆ ಕೂರಿಸಿದ ಹೊಸ ಕಂಪ್ರೆಸರ್ ಕೂಡ ಬಾಳೋಲ್ಲ.